ಮಲೆನಾಡಿನ ಮಳೆಗೆ ಯಾವ ದೇಶದ ಗಾಡಿ?

ನಮ್ಮ ಕಡೆ ನಾಲ್ಕು ಜನ ಗಾಡಿ ಹುಚ್ಚಿನವರು ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ದೇಶಿ ಗಾಡಿ ಮೇಲಾ, ಫಾರಿನ್ ಗಾಡಿ ಮೇಲಾ? ಒಬ್ಬ ಟಾಟಾ, ಮಹೀಂದ್ರ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಇನ್ನೊಬ್ಬನಿಗೆ ಜಪಾನ್ ಅಂದರೆ ಮುಗೀತು, ಟೊಯೊಟಾ ಮೇಲೆ ಕೈಯಿಟ್ಟು ಆಣೆ ಮಾಡುತ್ತಾನೆ. ಮತ್ತೊಬ್ಬ ಜರ್ಮನ್ ಗಾಡಿಯ ಬಾಗಿಲು ಹಾಕಿದ ಸದ್ದಿಗೇ ಮರುಳಾದವನು. ಈ ಜಗಳದಲ್ಲಿ ನಾನೂ ಗಂಟಲು ಹರಿದುಕೊಂಡಿದ್ದೇನೆ, ಈಗಲೂ ಹರಿದುಕೊಳ್ಳುತ್ತೇನೆ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ರಸ್ತೆಗಳಲ್ಲಿ ಇಷ್ಟು ವರ್ಷ ಓಡಾಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸುವುದು ಒಂದೇ. ಗಾಡಿ ಯಾವ ದೇಶದ್ದು ಅಂತ ಆಮೇಲೆ ಕೇಳಿ. ಮೊದಲು, ಅದು ಕೆಟ್ಟು ನಿಂತರೆ ಬಿಚ್ಚಿ ನೋಡುವವರು ಎಷ್ಟು ದೂರದಲ್ಲಿದ್ದಾರೆ, ಬೇಕಾದ ಸ್ಪೇರ್ ಎಷ್ಟು ದಿನಕ್ಕೆ ಬರುತ್ತದೆ ಅಂತ ಕೇಳಿ.

ದೇಶಿ ಯಾವುದು, ಫಾರಿನ್ ಯಾವುದು ಅಂತ ಗೆರೆ ಎಳೆಯಲು ಹೋದರೆ ಆ ಗೆರೆ ನೆಟ್ಟಗೆ ಬರುವುದೇ ಇಲ್ಲ. ಟಾಟಾ ಹ್ಯಾರಿಯರ್ ತಗೊಳ್ಳಿ. ನಮ್ಮದೇ ಕಂಪನಿ, ನಮ್ಮದೇ ಹೆಮ್ಮೆ. ಅದರ ಪ್ಲಾಟ್‌ಫಾರ್ಮ್, ಅಂದರೆ ಗಾಡಿ ಕೂರುವ ಅಡಿಯ ಚೌಕಟ್ಟು, ಲ್ಯಾಂಡ್ ರೋವರ್‌ನಿಂದ ಬಂದದ್ದು. ಎರಡು ಲೀಟರ್ ಡೀಸೆಲ್ ಎಂಜಿನ್ನಿನ ಮೂಲ ಇಟಲಿಯ ಫಿಯಟ್. ಆ ಲ್ಯಾಂಡ್ ರೋವರ್ ಕಂಪನಿಯನ್ನೇ 2008ರಲ್ಲಿ ಟಾಟಾದವರು ಕೊಂಡುಕೊಂಡರು, ಹಾಗಾಗಿ ಅದು ಯಾವ ಕಡೆಯ ಲೆಕ್ಕಕ್ಕೆ ಸೇರುತ್ತದೆ ಅಂತ ಹೇಳುವುದೇ ಕಷ್ಟ. ಈಗ ಇನ್ನೋವಾ ಕ್ರಿಸ್ಟಾ ನೋಡಿ. ಹೆಸರು ಜಪಾನಿನದು. ಗಾಡಿ ತಯಾರಾಗುವುದು ನಮ್ಮ ಬಿಡದಿಯಲ್ಲಿ. ಅದರ 2.4 ಲೀಟರ್ ಡೀಸೆಲ್ ಎಂಜಿನ್ ಬರುವುದು ಬೆಂಗಳೂರಿನ ಪಕ್ಕದ ಜಿಗಣಿಯಿಂದ. ಇವೆರಡರಲ್ಲಿ ಯಾವುದು ಜಾಸ್ತಿ ದೇಶಿ? ಮಾರುತಿ ಸ್ವಿಫ್ಟ್ ಡೀಸೆಲ್ಲನ್ನು ಊರೂರಲ್ಲಿ ಓಡಿಸಿದೆವಲ್ಲ, ಅದರ 1.3 ಲೀಟರ್ ಎಂಜಿನ್ ಕೂಡ ಫಿಯಟ್ ಮೂಲದ್ದೇ. ಅದೇ ಎಂಜಿನ್ ಇಂಡಿಕಾ ವಿಸ್ಟಾದಲ್ಲೂ ಇತ್ತು, ಫಿಯಟ್ ಪುಂಟೊದಲ್ಲೂ ಇತ್ತು. ಒಂದೇ ಎಂಜಿನ್ ಬೇರೆ ಬೇರೆ ಹೆಸರಿನ ಗಾಡಿಗಳೊಳಗೆ ಕೂತು ನಮ್ಮ ಘಾಟಿ ಹತ್ತಿತು.

ಹಳೆಯದಕ್ಕೆ ಹೋದರೂ ಕತೆ ಇದೇ. ಸರ್ಕಾರಿ ಗಾಡಿ ಅಂದರೆ ಕಣ್ಣ ಮುಂದೆ ಬರುವ ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ 1100. ಮಾರುತಿ 800 ರಸ್ತೆಗೆ ಇಳಿದದ್ದು 1983ರ ಡಿಸೆಂಬರ್‌ನಲ್ಲಿ, ಅದು ಜಪಾನಿನ ಸುಜುಕಿ ಆಲ್ಟೊ. ಹೊರಗಿನವರ ವಿನ್ಯಾಸ ಎರವಲು ತರದೆ ನಾವೇ ಕಾರು ಮಾಡುತ್ತೇವೆ ಅಂತ ಟಾಟಾದವರು ಇಂಡಿಕಾ ಹೊರತಂದದ್ದು 1998ರ ಡಿಸೆಂಬರ್‌ನಲ್ಲಿ. ಅದರ ಮೇಲೂ ಇಟಲಿಯ ಡಿಸೈನ್ ಕಂಪನಿಯೊಂದರ ಕೈ ಆಡಿತ್ತು. ಇದರಿಂದ ಇಂಡಿಕಾದ ಮೇಲಿನ ನನ್ನ ಗೌರವ ಒಂದು ಕೂದಲಷ್ಟೂ ಕಡಿಮೆಯಾಗಿಲ್ಲ. ಆ ಕಾಲದಲ್ಲಿ ಅದು ದೊಡ್ಡ ಧೈರ್ಯ. ಐದು ಜನ ಕೂತು, ಡಿಕ್ಕಿಯಲ್ಲಿ ಮದುವೆ ಮನೆಯ ಸಾಮಾನು ಹಾಕಿಕೊಂಡು, ಡೀಸೆಲ್ ಖರ್ಚಿನಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ ಬರಬಹುದು ಅನ್ನುವ ಆಸೆಯನ್ನು ಎಷ್ಟೋ ಮನೆಗಳಿಗೆ ಕೊಟ್ಟದ್ದು ಆ ಗಾಡಿ.

ಇನ್ನೂ ಒಂದು ವಿಷಯ ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ಶಿವಮೊಗ್ಗದ ಪಕ್ಕದ ಮಾಚೇನಹಳ್ಳಿ, ನಿದಿಗೆ ಕಡೆ ಹೋದರೆ ಸಾಲಾಗಿ ಫೌಂಡ್ರಿಗಳಿವೆ. ಅಲ್ಲಿ ಎರಕ ಹೊಯ್ದ ತುಂಡುಗಳು ವಾಹನಗಳಿಗೆ ಹೋಗುತ್ತವೆ. ಭದ್ರಾವತಿಯ ಕಾರ್ಖಾನೆ ಎಷ್ಟೋ ವರ್ಷ ಮಿಶ್ರ ಉಕ್ಕು ಮಾಡಿತು. ನಿಮ್ಮ ಗಾಡಿಯ ಮುಂದೆ ಯಾವ ದೇಶದ ಲಾಂಛನ ಹೊಳೆಯುತ್ತಿದ್ದರೂ ಒಳಗಿನ ಒಂದು ಬ್ರಾಕೆಟ್ಟೋ ಹೌಸಿಂಗೋ ನಮ್ಮ ಜಿಲ್ಲೆಯ ಕುಲುಮೆಯಲ್ಲಿ ಕಾದದ್ದೇ ಇರಬಹುದು. ಇದನ್ನು ಹೇಳಿದಾಗ ನನ್ನ ಜರ್ಮನ್ ಗಾಡಿಯ ಗೆಳೆಯ ಸ್ವಲ್ಪ ಹೊತ್ತು ಸುಮ್ನೆ ಕೂತ.

ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ನಾನು ಹೇಳುತ್ತಿರುವುದು ಬೇಗ ಅರ್ಥವಾಗುತ್ತದೆ. ಕೊಲ್ಲೂರಿಂದಲೋ ನಿಟ್ಟೂರಿಂದಲೋ ಹತ್ತಿ, ಕಟ್ಟಿನಹೊಳೆ ದಾಟಿದ ಮೇಲೆ ರಸ್ತೆ ಅನ್ನುವುದು ಇರುವುದಿಲ್ಲ. ಕಲ್ಲು, ಕೊರಕಲು, ಕೆಮ್ಮಣ್ಣು, ನಡುವೆ ನೀರು ಕೊಚ್ಚಿದ ಹೊಂಡ. ಒಮ್ಮೆ ನಾನು ಮುಂದಿನ ಸೀಟಿನಲ್ಲಿ ಕೂತು ಡ್ರೈವರ್ ಕೈಯನ್ನೇ ನೋಡುತ್ತಾ ಹೋದೆ. ನಡುವಯಸ್ಸು ದಾಟಿದ ಮನುಷ್ಯ. ಪವರ್ ಸ್ಟೀರಿಂಗ್ ಇಲ್ಲ. ಕಡಿದಾದ ತಿರುವು ಬರುವ ಮೊದಲೇ ಗೇರಿನ ಪಕ್ಕದ ಸಣ್ಣ ಲಿವರ್ ಎಳೆದು ನಾಲ್ಕೂ ಚಕ್ರಕ್ಕೆ ಬಲ ಕೊಟ್ಟ. ಆಮೇಲೆ ಆಕ್ಸಿಲರೇಟರ್ ಮೇಲೆ ಕಾಲು ಇತ್ತೋ ಇಲ್ಲವೋ ಅನ್ನುವಷ್ಟು ಹಗುರ. ಗಾಡಿ ತಾನಾಗಿ ಗುರ್ ಅನ್ನುತ್ತಾ ಕಲ್ಲಿನ ಮೇಲೆ ಹತ್ತಿ ಆಚೆ ಇಳಿಯಿತು. ಇಳಿಯುವಾಗ ಬ್ರೇಕ್ ಹಾಕುವುದೇ ಇಲ್ಲವಲ್ಲ ಅಂತ ಕೇಳಿದೆ.

"ಬ್ರೇಕ್ ತುಳಿದರೆ ಜಾರ್ತದೆ ಮಾರಾಯ್ರೆ. ಎಂಜಿನ್ನೇ ಹಿಡ್ಕೊಳ್ಬೇಕು," ಅಂದರು.

ಅವರ ಸೀಟಿನ ಕೆಳಗೆ ಒಂದು ಗೋಣಿಚೀಲ ಇತ್ತು. ಒಳಗೆ ಫ್ಯಾನ್ ಬೆಲ್ಟ್, ಕಬ್ಬಿಣದ ತಂತಿ, ಸ್ಪ್ಯಾನರ್, ರಬ್ಬರ್ ಪೈಪಿನ ತುಂಡು, ಒಂದಿಷ್ಟು ನಟ್ಟು ಬೋಲ್ಟು. ಅವರ ಗ್ಯಾರೇಜೆಲ್ಲ ಆ ಚೀಲದೊಳಗೇ ಇತ್ತು. ಬಾನೆಟ್ಟಿನ ಕೊಂಡಿ ಎರಡು ಕಡೆ ಕೈಯಲ್ಲೇ ಬಿಚ್ಚಬಹುದು, ಎತ್ತಿದರೆ ಎಂಜಿನ್ ಪೂರ್ತಿ ಕಾಣುತ್ತದೆ, ನಡುವೆ ಪ್ಲಾಸ್ಟಿಕ್ ಮುಚ್ಚಳ ಇಲ್ಲ. ಈ ಜೀಪಿನ ಮೂಲ ಏನು? ಎರಡನೇ ಮಹಾಯುದ್ಧಕ್ಕೆ ಅಮೆರಿಕದಲ್ಲಿ ಕಟ್ಟಿದ ವಿಲ್ಲೀಸ್. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಅದನ್ನು ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸಲು ಶುರು ಮಾಡಿದರು. ಮುಂದೆ ಎಂಎಂ 540 ಜೀಪಿಗೆ ಹಾಕಿದ ಡೀಸೆಲ್ ಎಂಜಿನ್ ಫ್ರಾನ್ಸಿನ ಪ್ಯೂಜೋ ವಿನ್ಯಾಸ. ಅಮೆರಿಕದ ಮೈ, ಫ್ರಾನ್ಸಿನ ಹೃದಯ. ಆದರೆ ಕೊಡಚಾದ್ರಿಯ ಬುಡದಲ್ಲಿ ನಿಂತು ಇದು ಫಾರಿನ್ ಗಾಡಿ ಅಂತ ಹೇಳಿ ನೋಡಿ, ಯಾರೂ ಒಪ್ಪುವುದಿಲ್ಲ. ಅಷ್ಟು ಕೈಗಳು ಅದನ್ನು ಬಿಚ್ಚಿ ಕಟ್ಟಿವೆ. ನಿಟ್ಟೂರಿನ ಹುಡುಗನಿಗೂ ಅದರ ಗೇರ್‌ಬಾಕ್ಸ್ ಗೊತ್ತು.

ನಮ್ಮ ಕಡೆಯ ತೋಟದವರು ಬೊಲೆರೊ ಬಿಡದಿರುವುದೂ ಇದಕ್ಕೇ. ನನ್ನ ಭಾವನ ಹತ್ತಿರ ಒಂದಿದೆ. ಕೊನೆ ಕೊಯ್ಲು ಶುರುವಾದರೆ ಆ ಗಾಡಿಗೆ ಬಿಡುವಿಲ್ಲ. ಹಸಿ ಅಡಿಕೆ, ಗೊಬ್ಬರದ ಚೀಲ, ಕೊನೆಗಾರರು, ಮನೆಯ ಸಾಮಾನು, ಎಲ್ಲ ಅದರಲ್ಲೇ. ಹಿಂದಿನ ಲೀಫ್ ಸ್ಪ್ರಿಂಗ್ ಖಾಲಿ ಇದ್ದಾಗ ಬೆನ್ನು ಮುರಿಯುವಷ್ಟು ಕುಕ್ಕುತ್ತದೆ, ಇದನ್ನು ನಾನು ಮುಚ್ಚಿಡುವುದಿಲ್ಲ. ಭಾರ ಹಾಕಿದಾಗ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. ಬಲ ಹೋಗುವುದು ಹಿಂದಿನ ಚಕ್ರಕ್ಕೆ, ಭಾರ ಇರುವುದೂ ಹಿಂದೆ, ಹಾಗಾಗಿ ಕೆಸರಿನ ಏರಿನಲ್ಲಿ ಚಕ್ರ ಸುಮ್ನೆ ಸುತ್ತುವುದು ಕಡಿಮೆ. ಮುಂದಿನ ಚಕ್ರಕ್ಕೆ ಬಲ ಹೋಗುವ ಚಂದದ ಎಸ್‌ಯುವಿಗಳು ಅದೇ ಏರಿನಲ್ಲಿ ಮೂಗು ಎತ್ತಿಕೊಂಡು ನಿಂತುಬಿಡುತ್ತವೆ. ನೋಡಲು ಎತ್ತರ ಇದ್ದ ಮಾತ್ರಕ್ಕೆ ಅದು ಗುಡ್ಡದ ಗಾಡಿ ಆಗುವುದಿಲ್ಲ. ಹಳೇ ಓಮ್ನಿ ವ್ಯಾನನ್ನು ಮಲೆನಾಡು ಅಷ್ಟೊಂದು ಹಚ್ಚಿಕೊಂಡದ್ದಕ್ಕೂ ಇದೇ ಕಾರಣ, ಅದೂ ಹಿಂಚಕ್ರದ ಗಾಡಿ. 1984ರಲ್ಲಿ ಬಂದದ್ದು 2019ರವರೆಗೆ ತಯಾರಾಯಿತು. ನಮ್ಮೂರಲ್ಲಿ ಇನ್ನೂ ಹಾಲಿನ ಕ್ಯಾನ್ ಹೊತ್ತು ಓಡುತ್ತಿವೆ.

ಕ್ವಾಲಿಸ್ ಬಂದದ್ದು 2000ದಲ್ಲಿ. ಇಂಡೋನೇಷ್ಯಾದಲ್ಲಿ ಕಿಜಾಂಗ್ ಅಂತ ಓಡುತ್ತಿದ್ದ ಗಾಡಿ. ನೋಡಲು ಪೆಟ್ಟಿಗೆ ಥರ ಇದ್ದರೂ ಅದು ನಮ್ಮವರ ಮನಸ್ಸು ಗೆದ್ದ ಬಗೆ ಬೇರೆಯೇ. ಹೊಸದರಲ್ಲಿ ಟೊಯೊಟಾ ಅಂದರೆ ಸ್ಪೇರ್ ಸಿಗುತ್ತಾ ಅಂತ ಎಲ್ಲರಿಗೂ ಅನುಮಾನ. ಕ್ರಮೇಣ ಟ್ಯಾಕ್ಸಿಯವರು ತಗೊಂಡರು, ಗ್ಯಾರೇಜಿನವರು ಕಲಿತರು, ಬಿಡದಿ ಹತ್ತಿರವೇ ಇದ್ದುದರಿಂದ ಪಾರ್ಟ್ಸ್ ಬಂತು. 2005ರಲ್ಲಿ ಇನ್ನೋವಾ ಬರುವ ಹೊತ್ತಿಗೆ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಜಪಾನಿನವರು ಒಂದೇ ದಿನಕ್ಕೆ ಇಲ್ಲಿ ನೆಲೆ ನಿಂತವರಲ್ಲ. ಗ್ಯಾರೇಜ್ ಗ್ಯಾರೇಜಾಗಿ ನಂಬಿಕೆ ಗಳಿಸಿದರು.

ಇನ್ನು ಹೊರದೇಶದಿಂದ ಬರುವ ಗಾಡಿಗಳು. ಇದರಲ್ಲಿ ಎರಡು ಬಗೆ. ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತಂದು ಇಲ್ಲಿ ಜೋಡಿಸಿದರೆ ಸಿಕೆಡಿ. ಅಲ್ಲೇ ಕಟ್ಟಿ ಹಡಗಿನಲ್ಲಿ ಇಳಿಸಿದರೆ ಸಿಬಿಯು. ಸುಂಕದಲ್ಲಿ ಇವೆರಡರ ನಡುವೆ ಅಜಗಜಾಂತರ. ಮರ್ಸಿಡಿಸ್ ಪುಣೆಯಲ್ಲಿ, ಬಿಎಂಡಬ್ಲ್ಯು ಚೆನ್ನೈಯಲ್ಲಿ ಜೋಡಣೆ ಮಾಡುವುದು ಸುಮ್ನೆ ಅಲ್ಲ. ದೊಡ್ಡ ರೇಂಜ್ ರೋವರನ್ನು 2024ರಲ್ಲಿ ಪುಣೆಯಲ್ಲಿ ಜೋಡಿಸಲು ಶುರು ಮಾಡಿದಾಗ ಬೆಲೆ ಹತ್ತಾರು ಲಕ್ಷ ಇಳಿಯಿತು. ಗಾಡಿ ಅದೇ, ಬಂದ ದಾರಿ ಮಾತ್ರ ಬೇರೆ.

ಸಿಬಿಯು ಲೆಕ್ಕ ಒಮ್ಮೆ ಕೂಡಿಸಿ ನೋಡೋಣ, ಯಾಕೆಂದರೆ ಆಮದಿನ ಗಾಡಿಗೆ ಆಸೆ ಪಡುವ ಹುಡುಗರು ಇದನ್ನು ನೋಡುವುದೇ ಇಲ್ಲ. ಬಂದರಿಗೆ ಬಂದು ಇಳಿದಾಗ ಗಾಡಿಯ ಬೆಲೆ 40 ಲಕ್ಷ ಅಂತ ಇಟ್ಟುಕೊಳ್ಳಿ. 40 ಸಾವಿರ ಡಾಲರ್ ದಾಟಿದ ಪೆಟ್ರೋಲ್ ಗಾಡಿಗೆ ಆಮದು ಸುಂಕ ಎಲ್ಲ ಸೇರಿ ಶೇ 110ರ ಹತ್ತಿರ. ಅಲ್ಲಿಗೆ 84 ಲಕ್ಷ ಆಯಿತು. ಅದರ ಮೇಲೆ ದೊಡ್ಡ ಗಾಡಿಯ ಜಿಎಸ್‌ಟಿ ಶೇ 40, 2025ರ ಸೆಪ್ಟೆಂಬರಿನಿಂದ ಬಂದ ದರ ಇದು. ಈಗ ಒಂದು ಕೋಟಿ 17 ಲಕ್ಷ ದಾಟಿತು. ಆಮೇಲೆ ನಮ್ಮ ಕರ್ನಾಟಕದ ರಸ್ತೆ ತೆರಿಗೆ. 20 ಲಕ್ಷದ ಮೇಲಿನ ಗಾಡಿಗೆ ಶೇ 18, ಅದರ ಮೇಲೆ ಸೆಸ್. ಒಂದು ಕೋಟಿ 40 ಲಕ್ಷಕ್ಕೆ ಬಂದು ನಿಂತಿತು, ಇನ್ನೂ ಡೀಲರನ ಲಾಭ, ಇನ್ಶೂರೆನ್ಸ್ ಸೇರಿಸಿಲ್ಲ. 40 ಲಕ್ಷದ ಗಾಡಿಗೆ ಒಂದು ಕೋಟಿ ತೆರಿಗೆ! ನಾನು ಇದನ್ನು ಒಪ್ಪುವುದಿಲ್ಲ. ಇಲ್ಲಿನ ಕಾರ್ಖಾನೆ ಉಳಿಯಲಿ, ಇಲ್ಲಿನವರಿಗೆ ಕೆಲಸ ಸಿಗಲಿ, ಅದಕ್ಕೆ ಸುಂಕ ಬೇಕು ಅನ್ನುವುದು ಸರಿ. ಆದರೆ ಇಷ್ಟು ಎತ್ತರದ ಗೋಡೆ ಇದ್ದಾಗ ಒಳಗಿರುವವರಿಗೂ ಮೈ ಬಗ್ಗಿಸುವ ಅಗತ್ಯ ಬೀಳುವುದಿಲ್ಲ, ಅಲ್ವಾ? ಅಂಬಾಸಿಡರ್ ದಶಕಗಟ್ಟಲೆ ಹಾಗೇ ಉಳಿದದ್ದು ಎದುರು ಗಟ್ಟಿ ಪೈಪೋಟಿ ಇಲ್ಲದ್ದಕ್ಕೆ. ಮಾರುತಿ ಬಂದ ಮೇಲಷ್ಟೇ ಜನಕ್ಕೆ ಬೇರೆ ದಾರಿ ಕಂಡದ್ದು.

2025ರಲ್ಲಿ ಫೋಕ್ಸ್‌ವ್ಯಾಗನ್‌ನವರು ಗಾಲ್ಫ್ ಜಿಟಿಐ ತಂದರು, ಪೂರ್ತಿ ಕಟ್ಟಿದ ಗಾಡಿಯಾಗಿ. ಶೋರೂಂ ಬೆಲೆ 53 ಲಕ್ಷ. ಯುರೋಪಿನಲ್ಲಿ ಅದು ಸಂಬಳದ ಜನ ಆಸೆಪಟ್ಟು ಕೊಳ್ಳುವ ಗಾಡಿ. ಇಲ್ಲಿ ಆ ದುಡ್ಡಿಗೆ ಫಾರ್ಚೂನರ್ ಬರುತ್ತದೆ. ಆದರೂ ಜಿಟಿಐ ಕೊಂಡವರನ್ನು ನಾನು ಬೈಯುವುದಿಲ್ಲ. ಒಳ್ಳೆ ಎಂಜಿನ್ನು, ಒಳ್ಳೆ ಸ್ಟೀರಿಂಗಿನ ರುಚಿ ಹತ್ತಿದವರಿಗೆ ಅದರ ಆಸೆ ಎಂಥದ್ದು ಅಂತ ಗೊತ್ತಿರುತ್ತದೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಯುರೋಪಿನ ಗಾಡಿಗಳ ಹಿಡಿತವನ್ನು ನಾನು ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯಲ್ಲಿ ಅನುಭವಿಸಿದ್ದೇನೆ. ಗಾಜನೂರು ದಾಟಿ, ಸಕ್ರೆಬೈಲು ಕಳೆದು, ಮಂಡಗದ್ದೆಯ ಕಡೆ ತುಂಗೆ ಪಕ್ಕದಲ್ಲೇ ಬರುವಾಗ ತಿರುವುಗಳು ಒಂದರ ಹಿಂದೆ ಒಂದು. ಗೆಳೆಯನ ಹಳೇ ಪೋಲೊ ಓಡಿಸಿದೆ. ಜೋರಾಗಿ ಹೋಗುವ ಮಾತಲ್ಲ ಇದು, ಆ ರಸ್ತೆಯಲ್ಲಿ ಜೋರಾಗಿ ಹೋಗಬಾರದು, ಕಾಡು ಪ್ರಾಣಿ ಅಡ್ಡ ಬರುತ್ತವೆ. ಸಾಧಾರಣ ವೇಗದಲ್ಲೇ ಸ್ಟೀರಿಂಗ್ ಕೈಗೆ ಹೇಳುವ ಮಾತು ಬೇರೆ. ಚಕ್ರದ ಕೆಳಗೆ ಒದ್ದೆ ಎಲೆ ಬಂದದ್ದು ಬೆರಳಿಗೆ ಗೊತ್ತಾಗುತ್ತದೆ. ತಿರುವಿನ ನಡುವೆ ಗುಂಡಿ ಸಿಕ್ಕರೆ ಗಾಡಿ ಒಮ್ಮೆ ಧಡ್ ಅಂದು ಅಲ್ಲಿಗೇ ಕೂತುಕೊಳ್ಳುತ್ತದೆ, ಆಮೇಲೆ ಅಲುಗಾಡುವುದಿಲ್ಲ. ಆ ನೆಮ್ಮದಿಯನ್ನು ಅದೇ ಬೆಲೆಯ ಬೇರೆ ಗಾಡಿಗಳಲ್ಲಿ ನಾನು ಆಗ ಕಂಡಿರಲಿಲ್ಲ. ಈಗಿನ ವರ್ಟಸ್, ಸ್ಲಾವಿಯಾ ಕೂಡ ಹಾಗೇ ಇವೆ, ಅವು ಪುಣೆ ಪಕ್ಕದ ಚಾಕಣದಲ್ಲಿ ತಯಾರಾಗುವ ಗಾಡಿಗಳು.

ಆದರೆ ಅದೇ ಗೆಳೆಯನ ಮನೆಯಲ್ಲಿ ಮುಂದೆ ಬಂದ ಇನ್ನೊಂದು ಯುರೋಪಿನ ಗಾಡಿಯ ಕತೆ ಕೇಳಿ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಒಂದು ಗ್ಯಾರೇಜಿನಲ್ಲಿ ಅದನ್ನು ಎತ್ತಿ ನಿಲ್ಲಿಸಿದ್ದರು. ಮಳೆ ಶೀಟಿನ ಮೇಲೆ ಬಡಿಯುತ್ತಿತ್ತು. ಮೆಕ್ಯಾನಿಕ್ ಅಣ್ಣ ಟಾರ್ಚ್ ಹಿಡಿದು ಮುಂದಿನ ಚಕ್ರದ ಹಿಂದೆ ಬೆರಳು ಹಾಕಿದ. ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ ಆರ್ಮಿನ ಒಂದು ರಬ್ಬರ್ ಬುಷ್, ಅಂಗೈಯಲ್ಲಿ ಮುಚ್ಚಬಹುದಾದಷ್ಟು ಚಿಕ್ಕದು, ಸೀಳಿ ಒಳಗಿನ ಕೊಳವೆ ಹೊರಗೆ ಇಣುಕುತ್ತಿತ್ತು. ಬೆರಳಲ್ಲಿ ಒತ್ತಿ ತೋರಿಸಿದ, ಬಿರುಕು ಬಾಯಿ ತೆರೆದು ಮುಚ್ಚಿತು.

"ಇದೊಂದೇ ಸಿಕ್ಕಿದ್ರೆ ಅರ್ಧ ದಿನದ ಕೆಲಸ ಸಾರ್. ಕಂಪನಿಯವ್ರು ಪೂರ್ತಿ ಆರ್ಮೇ ತಗೋಬೇಕು ಅಂತಾರೆ. ಆರ್ಮ್ ಸ್ಟಾಕ್ ಇಲ್ಲ ಅಂತಾರೆ."

ಗಾಡಿ ಅಲ್ಲೇ ನಿಂತಿತು. ವಾರಗಟ್ಟಲೆ. ಶೋರೂಮಿಗೆ ಫೋನ್ ಮಾಡಿದರೆ ಬರುತ್ತೆ ಬರುತ್ತೆ ಅನ್ನುತ್ತಾರೆ. ಅದೇ ಗ್ಯಾರೇಜಿನಲ್ಲಿ ಪಕ್ಕದಲ್ಲಿ ಒಂದು ಬೊಲೆರೊ, ಒಂದು ಹಳೇ ಇನ್ನೋವಾ, ಒಂದು ಸ್ವಿಫ್ಟ್ ಬಂದವು, ರಿಪೇರಿ ಆದವು, ಹೋದವು. ಆ ಗಾಡಿಗಳ ಬುಷ್ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲೇ ಇತ್ತು. ಇಲ್ಲದ್ದು ರಾತ್ರಿ ಬಸ್ಸಿಗೆ ಬೆಂಗಳೂರಿಂದ ಬಂತು. ಗೆಳೆಯ ಆ ಗಾಡಿಯನ್ನು ಇವತ್ತಿಗೂ ಬೈಯುವುದಿಲ್ಲ. ಓಡಿಸುವಾಗ ಅದರಂಥ ಗಾಡಿ ಇಲ್ಲ ಅಂತಲೇ ಹೇಳುತ್ತಾನೆ. ಆ ಮಾತು ಸುಳ್ಳಲ್ಲ. ಆದರೆ ಅವನ ತಾಯಿಯನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಲು ಅಷ್ಟೂ ದಿನ ಪಕ್ಕದ ಮನೆಯವರ ಆಲ್ಟೊ ಬೇಕಾಯಿತು.

ಮಲೆನಾಡಿನಲ್ಲಿ ಗಾಡಿ ಶೋಕಿಗೆ ಮಾತ್ರ ಇರುವ ವಸ್ತು ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧರೆ ಕುಸಿಯುತ್ತದೆ, ಮರ ಬೀಳುತ್ತದೆ, ಕರೆಂಟ್ ಇರುವುದಿಲ್ಲ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಒಂಟಿ ಮನೆಗಳು. ಮುಖ್ಯ ರಸ್ತೆಗೆ ಬರಲು ಕೆಲವು ಕಡೆ ಮಣ್ಣು ರಸ್ತೆಯಲ್ಲೇ ಎರಡು ಮೂರು ಕಿಲೋಮೀಟರ್. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಅಂಥಲ್ಲಿ ಟೋಯಿಂಗ್ ಗಾಡಿ ಬರುತ್ತದೆ ಅಂತ ಕಂಪನಿಯವರು ಕೊಡುವ ಮಾತಿಗೆ ಎಷ್ಟು ಬೆಲೆ? ಎಲ್ಲಿಂದ ಬರಬೇಕು ಅದು?

ಸಿಗಂದೂರಿಗೆ ಹೋಗುವಾಗ ಶರಾವತಿ ಹಿನ್ನೀರು ದಾಟಲು ಗಾಡಿಯನ್ನು ಲಾಂಚ್ ಹತ್ತಿಸಿದ ದಿನಗಳು ನೆನಪಿದೆಯಲ್ಲ. ಲಾಂಚಿನ ಇಳಿಜಾರು ಹಲಗೆಗೆ ಚಕ್ರ ಏರಿಸುವಾಗ ಜೀಪು, ಓಮ್ನಿ, ಟಾಟಾ ಸುಮೊ ಲೀಲಾಜಾಲವಾಗಿ ಹತ್ತುತ್ತಿದ್ದವು. ಬೆಂಗಳೂರಿನಿಂದ ಬಂದ ತಗ್ಗಿನ ದುಬಾರಿ ಸೆಡಾನ್‌ಗಳು ಬಂದರೆ ಎಲ್ಲರೂ ಇಳಿದು, ಇಬ್ಬರು ಮುಂದೆ ಬಗ್ಗಿ ನೋಡಿ, "ಓರೆ ತಗೊಳ್ಳಿ, ಓರೆ ತಗೊಳ್ಳಿ" ಅಂತ ಕೂಗಿದರೂ ಕರ್ ಅಂತ ಬಂಪರ್ ಉಜ್ಜುತ್ತಿತ್ತು. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಆ ತಾಪತ್ರಯ ಇಲ್ಲ. ಒಳ್ಳೇದೇ ಆಯಿತು. ಆದರೆ ಸೇತುವೆ ಆಚೆ ತುಮರಿ ಕಡೆಯ ಒಳ ರಸ್ತೆಗಳು ಸೆಡಾನ್ ನೋಡಿ ನಯವಾಗುವುದಿಲ್ಲ.

ಸುರಕ್ಷತೆಯ ಮಾತಿಗೆ ಬಂದರೆ ದೇಶದ ಹೆಸರು ಹೇಳಿಕೊಂಡು ಎದೆ ತಟ್ಟುವವರು ಒಂದು ಹಳೇ ಫಲಿತಾಂಶ ನೆನಪಿಟ್ಟುಕೊಳ್ಳಬೇಕು. 2014ರ ಆರಂಭದಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ ಸಂಸ್ಥೆಯವರು ನಮ್ಮಲ್ಲಿ ಮಾರುವ ಐದು ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದರು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಅಂದರೆ ಜಪಾನ್, ಭಾರತ, ಕೊರಿಯಾ, ಅಮೆರಿಕ, ಜರ್ಮನಿ, ಐದೂ ದೇಶದ ಹೆಸರು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳು ಅವು. ತಮ್ಮ ದೇಶದಲ್ಲಿ ಮಾರಲು ಧೈರ್ಯ ಮಾಡದ ಗಾಡಿಯನ್ನು ಇಲ್ಲಿ ಮಾರಿದರು, ಅದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ. ಫೋಕ್ಸ್‌ವ್ಯಾಗನ್ ಆಮೇಲೆ ಎಲ್ಲ ಪೋಲೊಗೂ ಏರ್‌ಬ್ಯಾಗ್ ಹಾಕಿತು, ನಾಲ್ಕು ಸ್ಟಾರ್ ಬಂತು, ಅದನ್ನೂ ಹೇಳಬೇಕು. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್ ಐದು ಸ್ಟಾರ್ ತಂದಿತು. ಭಾರತದಲ್ಲಿ ಮಾಡಿ ಇಲ್ಲೇ ಮಾರುವ ಗಾಡಿಗೆ ಅದು ಮೊದಲು. ಮಹೀಂದ್ರದವರೂ ಬೆನ್ನಿಗೇ ಬಂದರು. ಈ ಒಂದು ವಿಷಯದಲ್ಲಿ ನಮ್ಮ ಕಂಪನಿಗಳು ಇಡೀ ಮಾರ್ಕೆಟ್ಟಿನ ಕಿವಿ ಹಿಂಡಿದವು. ಈಗ ಅಂಗಡಿಗೆ ಬರುವ ಗಿರಾಕಿ ಮೈಲೇಜ್ ಎಷ್ಟು ಅಂತ ಕೇಳಿದ ಮೇಲೆ ಸ್ಟಾರ್ ಎಷ್ಟು ಅಂತ ಕೇಳುತ್ತಾನೆ. ಆಗುಂಬೆಯ 14 ಹೇರ್‌ಪಿನ್ ತಿರುವು ಇಳಿಯುವಾಗ ಎದುರಿನಿಂದ ಮಿನಿ ಬಸ್ ಬಂದರೆ ಆ ಪ್ರಶ್ನೆಯ ಅರ್ಥ ಗೊತ್ತಾಗುತ್ತದೆ.

ಹಾಗಂತ ದೇಶಿ ಗಾಡಿಯವರ ತಪ್ಪು ಮುಚ್ಚುವುದು ಬೇಡ. ನಮ್ಮ ಮನೆಗೆ ಬಂದ ಒಂದು ಹೊಸ ದೇಶಿ ಗಾಡಿಯ ಬಾಗಿಲಂಚಿನ ರಬ್ಬರ್ ಬೀಡಿಂಗ್ ಮೊದಲ ಮಳೆಗೇ ನೀರು ಬಿಟ್ಟಿತು. ಕಾಲಿನ ಹತ್ತಿರ ಮ್ಯಾಟ್ ಎತ್ತಿದರೆ ಕೆಳಗೆ ನೀರು ನಿಂತು ವಾಸನೆ. ಸರ್ವಿಸ್‌ನವರು ಒರೆಸಿ ಕೊಟ್ಟರು, ಮತ್ತೆ ಬಂತು, ಮತ್ತೆ ಒರೆಸಿದರು. ದೊಡ್ಡ ಸ್ಕ್ರೀನ್ ಇದ್ದಕ್ಕಿದ್ದಂತೆ ಕಪ್ಪಾಗುವುದು, ಹಿಂದಿನ ಕ್ಯಾಮೆರಾ ಬೇಕಾದಾಗ ಬಾರದಿರುವುದು, ಇವೆಲ್ಲ ಎಷ್ಟೋ ಜನರ ಅನುಭವ. ಒಂದೇ ಮಾಡೆಲ್, ಒಬ್ಬನಿಗೆ ಚಿನ್ನದಂಥ ಗಾಡಿ ಸಿಗುತ್ತದೆ, ಪಕ್ಕದ ಮನೆಯವನಿಗೆ ತಿಂಗಳಿಗೊಮ್ಮೆ ಸರ್ವಿಸ್ ಸೆಂಟರ್. ಜಪಾನಿನವರು ಮುಂದಿರುವುದು ಇಲ್ಲೇ. ಅವರ ಗಾಡಿ ನೀರಸ ಇರಬಹುದು, ಆದರೆ ಒಂದು ಹೇಗೋ ಇನ್ನೊಂದೂ ಹಾಗೇ. ಮಳೆಯನ್ನು ಲ್ಯಾಬಿನಲ್ಲಿ ಪೈಪು ಹಿಡಿದು ನೋಡಿದರೆ ಸಾಲದು. ಜುಲೈನಲ್ಲಿ ಒಂದು ವಾರ ಹುಲಿಕಲ್ಲಿನಲ್ಲಿ ಗಾಡಿ ನಿಲ್ಲಿಸಲಿ, ಬೀಡಿಂಗ್ ಯೋಗ್ಯತೆ ತಾನಾಗಿ ತಿಳಿಯುತ್ತದೆ.

ಡೀಸೆಲ್ ವಿಷಯದಲ್ಲಿ ಒಂದು ಕಿವಿಮಾತು, ಇದು ದೇಶಿ ಫಾರಿನ್ ಎರಡಕ್ಕೂ ಸೇರಿದ್ದು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳಿಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿದರೆ ಆ ಮಸಿ ಸುಟ್ಟುಹೋಗುತ್ತದೆ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ, ಎರಡನೇ ಗೇರಿನಲ್ಲೇ ಓಡಿಸುತ್ತಿದ್ದರೆ ಸುಡುವುದಿಲ್ಲ, ದೀಪ ಹತ್ತುತ್ತದೆ. ಆಗಾಗ ಭದ್ರಾವತಿ ಕಡೆಯ ಹೈವೇಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಹಾಗೇ, ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಇರುವ ಆಟೋಮ್ಯಾಟಿಕ್ ಗಾಡಿಯಾದರೆ ಘಾಟಿಯ ಏರಿನಲ್ಲಿ ಲಾರಿ ಹಿಂದೆ ಇಂಚಿಂಚು ತೆವಳಬೇಡಿ, ಕ್ಲಚ್ ಬಿಸಿಯಾಗುತ್ತದೆ. ಬದಿಗೆ ನಿಲ್ಲಿಸಿ, ಲಾರಿ ಮುಂದೆ ಹೋಗಲಿ.

ಈಗ ಗಾಳಿ ತಿರುಗಿರುವುದು ನೋಡಿದರೆ ಖುಷಿಯಾಗುತ್ತದೆ. ಹೋಂಡಾ ಎಲಿವೇಟ್ ರಾಜಸ್ಥಾನದಲ್ಲಿ ತಯಾರಾಗಿ ಜಪಾನಿಗೆ ಹೋಗಿ ಅಲ್ಲಿ ಡಬ್ಲ್ಯುಆರ್-ವಿ ಹೆಸರಲ್ಲಿ ಮಾರಾಟವಾಗುತ್ತಿದೆ. ಐದು ಬಾಗಿಲಿನ ಜಿಮ್ನಿಯನ್ನು 2025ರ ಆರಂಭದಲ್ಲಿ ಜಪಾನಿನಲ್ಲಿ ಬುಕ್ಕಿಂಗಿಗೆ ಬಿಟ್ಟಾಗ ಕೆಲವೇ ದಿನದಲ್ಲಿ 50 ಸಾವಿರದಷ್ಟು ಆರ್ಡರ್ ಬಂದು, ಬುಕ್ಕಿಂಗೇ ನಿಲ್ಲಿಸಬೇಕಾಯಿತು. ಆ ಗಾಡಿ ಹರಿಯಾಣದ ಗುರುಗ್ರಾಮದಲ್ಲಿ ತಯಾರಾದದ್ದು. ಟೋಕಿಯೊದವನಿಗೆ ಅದು ಆಮದು ಗಾಡಿ. ಇಲ್ಲಿ ಅದೇ ಜಿಮ್ನಿ ಶೋರೂಮಿನಲ್ಲಿ ಗಿರಾಕಿಗೆ ಕಾಯುತ್ತಿತ್ತು. ಬೆಲೆ ಜಾಸ್ತಿ ಅಂತ ನಮ್ಮವರು ದೂರ ಉಳಿದರು. ನನ್ನ ಮಟ್ಟಿಗೆ, ಮಲೆನಾಡಿಗೆ ಹೇಳಿ ಮಾಡಿಸಿದ ಗಾಡಿ ಅದು. ಹಗುರ, ಕಿರಿದು, ಎದುರು ಗಾಡಿ ಬಂದರೆ ಒಂದು ಚಕ್ರ ಚರಂಡಿ ಅಂಚಿಗೆ ಇಳಿಸಿ ಜಾಗ ಕೊಡಬಹುದು, ಬೇಕಾದಾಗ ನಾಲ್ಕೂ ಚಕ್ರಕ್ಕೆ ಬಲ, 210 ಮಿಲಿಮೀಟರ್ ನೆಲದಂತರ, ರಿಪೇರಿಗೆ ತಾಲೂಕು ಮಟ್ಟದವರೆಗೂ ಮಾರುತಿ ಗ್ಯಾರೇಜ್. ಥಾರ್ ಕೂಡ ಅಷ್ಟೇ ಗಟ್ಟಿ, 226 ಮಿಲಿಮೀಟರ್ ಎತ್ತರ, ಡೀಸೆಲ್ ಬೇಕು ಅನ್ನುವವರಿಗೆ ಅದೇ ಸರಿ. ಆದರೆ ಅಗಲ ಜಾಸ್ತಿ. ನಮ್ಮ ಅಡಿಕೆ ತೋಟದ ಬೇಲಿ ನಡುವಿನ ದಾರಿಯಲ್ಲಿ ಅದರ ಕನ್ನಡಿ ಮಡಚಿಯೇ ಹೋಗಬೇಕು.

ಹೊಸದಾಗಿ ಕೊಳ್ಳಲು ಹೊರಟ ನಮ್ಮ ಕಡೆಯವರಿಗೆ ನಾನು ಹೇಳುವುದು ಇಷ್ಟು. ಟೆಸ್ಟ್ ಡ್ರೈವ್‌ಗೆ ಮೊದಲು ನಿಮ್ಮೂರಿನ ಗ್ಯಾರೇಜಿಗೆ ಹೋಗಿ. ಮನಸ್ಸಿನಲ್ಲಿರುವ ಗಾಡಿ ಹೆಸರು ಹೇಳಿ, ಅವರ ಮುಖ ನೋಡಿ. ಅದರ ಸಸ್ಪೆನ್ಷನ್ ಆರ್ಮ್, ಕ್ಲಚ್ ಸೆಟ್, ಹೆಡ್‌ಲೈಟ್, ಮುಂದಿನ ಗ್ಲಾಸ್ ಶಿವಮೊಗ್ಗದಲ್ಲಿ ಸ್ಟಾಕ್ ಇದೆಯಾ ಅಂತ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ. ಕೆಎ 14, ಕೆಎ 15 ನಂಬರಿನ ಅದೇ ಗಾಡಿ ಎಲ್ಲಾದರೂ ನಿಂತಿದ್ದರೆ ಮಾಲೀಕರನ್ನು ಮಾತಾಡಿಸಿ, ಮಳೆಗಾಲ ಹೇಗೆ ಕಳೆಯಿತು ಅಂತ ಕೇಳಿ. ಗಾಡಿ ಇಟ್ಟುಕೊಂಡವರು ಇಂಥ ಪ್ರಶ್ನೆಗೆ ಎಂದೂ ಬೇಜಾರು ಮಾಡಿಕೊಳ್ಳುವುದಿಲ್ಲ, ಬಾನೆಟ್ ಎತ್ತಿ ತೋರಿಸುತ್ತಾರೆ. ಎಲ್ಲ ಸರಿ ಬಂದು ಅದು ಜರ್ಮನ್ ಗಾಡಿಯೇ ಆಗಿದ್ದರೆ ಖುಷಿಯಾಗಿ ತಗೊಳ್ಳಿ, ತೀರ್ಥಹಳ್ಳಿ ರಸ್ತೆಯಲ್ಲಿ ಅದರ ಸುಖ ಪಡೆಯಿರಿ.

ಕಂಪನಿಯವರಿಗೂ ಒಂದು ಮಾತು. ಯುರೋಪಿನವರೇ, ಶಿವಮೊಗ್ಗಕ್ಕೆ ನೀವು ಗಾಜಿನ ಶೋರೂಂ ಕಟ್ಟುವ ಮೊದಲು ಒಂದು ಪಾರ್ಟ್ಸ್ ಗೋಡೌನ್ ಮಾಡಿ. ಬುಷ್ ಕೇಳಿದರೆ ಬುಷ್ ಕೊಡಿ, ಪೂರ್ತಿ ಆರ್ಮ್ ಮಾರಬೇಡಿ. ಇಲ್ಲಿನ ಹುಡುಗರಿಗೆ ನಿಮ್ಮ ಗೇರ್‌ಬಾಕ್ಸ್ ಬಿಚ್ಚುವುದನ್ನು ಕಲಿಸಿ. ಐಟಿಐ ಓದಿದ ಒಳ್ಳೆ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಟಾಟಾ, ಮಹೀಂದ್ರದವರೇ, ಸ್ಟಾರ್ ತಂದಿರಿ, ತಲೆ ಎತ್ತಿಸಿದಿರಿ, ಇನ್ನು ಆ ಸ್ಕ್ರೀನಿನ ಸಾಫ್ಟ್‌ವೇರ್ ಸರಿ ಮಾಡಿ, ಗಾಡಿ ಕಾರ್ಖಾನೆ ಬಿಡುವ ಮೊದಲು ಬಾಗಿಲಿನ ರಬ್ಬರ್ ಇನ್ನೊಮ್ಮೆ ನೋಡಿ.